ಕೌದಿಗಂತ ಕೊಟ್ಟ ಸೀರಿಗೋಳು

ನಮ್ಮೂರು ವಲಾಂಡ್ಯಾಗ ಯಾರ ಮನ್ಯಾಗ ಕೂಸು ಹುಟ್ಟಿದರೂ ಅದಕ್ಕ ಹಾಸಲಿಕ್ಕಿ ಮೊದಲನೇ ಕೌದಿ ಅನುಸೂಯಮ್ಮನ ಕೈದೇ ಇರಬೇಕು. ಆಕಿ ಗುರುಬಸಯ್ಯನೋರ ಹೆಣ್ತಿ. ಅಯ್ಯನೋರು ನಮ್ಮಂಥ ಒಕ್ಕಲತನದ ಮನಿಗೋಳಿಗಿ ಬಂದು ಹೆಸರಿಡೂದು, ಲಗ್ನ, ಮಣ್ಣು, ಎಲ್ಲಾದ್ದಕ್ಕೂ ಪೂಜಿ ಮಾಡಸವರು. ನಾ ವಯಸ್ಸಿನಾಗ ಆಕಿಗಿಂತ ಭಾಳ ದೊಡ್ಡಾಕಿ. ಆದರೂ ಆಕಿ ಹೊಸ್ತಿಲಾ ದಾಟಿ ಒಳಗ ಬಂದರ ನಾನೇ ಕಾಲಿಗಿ ಬೀಳಬೇಕು, ಅಮ್ಮಾ ಅನ್ನಬೇಕು. ಆಕಿ ನನ್ನ ಭುಜಾ ಹಿಡದು ಎಬ್ಬಿಸಿ, "ಏಳ್ರಿ ಪ್ರಯಾಗಕ್ಕಾ, ನಿಮ್ಮ ಮೊಳಕಾಲಿನ ಸಪ್ಪಳಕ್ಕೇ ಶಿವನಿಗಿ ಎಚ್ಚರಾತು" ಅಂತ ನಗತಿದ್ದಳು.

ಆಕಿ ತವರು ಶಿರೂರ ಅನಂತಪಾಳ. ಕೌದಿ ಹೊಲಿಯೂದು ಅಲ್ಲಿಂದನೇ ಕಲ್ತು ಬಂದಿದ್ದಳು. ಅದೇನು ಕೂಲಿ ಹೊಲಿಗಿ ಅಲ್ಲ. ನಾವು ಹಳೀ ನೂಲಿನ ಸೀರಿ ಒಗದು ಒಯ್ದು ಕೊಡೂದು, ಆಕಿ ಪದರಿನ ಮ್ಯಾಲ ಪದರು ಹಾಕಿ ಹೊಲದು ಕೊಡೂದು. ಹೊಸಾ ಅರಬಿ ಕೊಟ್ಟರ ತಿರುಗಿ ಕಳಸತಿದ್ದಳು. "ಕೂಸಿನ ತೊಗಲಿಗಿ ಅಜ್ಜಿ ಉಟ್ಟು ಸವದದ್ದೇ ಬೇಕು" ಅನ್ನಾಕಿ.

ನಮ್ಮೊಳಗ ಲಿಂಗ ಕಟ್ಟಿದ ಮ್ಯಾಲ ಸೂತಕ ಇಲ್ಲ. ಮುಟ್ಟಾದಾಕಿನ್ನ ಹೊರಗ ಕೂಡಸೂದಿಲ್ಲ. ಆಕಿ ಪೂಜಿನೂ ಮಾಡಬಹುದು, ಒಲಿನೂ ಹಚ್ಚಬಹುದು. ನಮ್ಮ ಗ್ವಾಡಿಗಿ ಹತ್ತಿದ ಮರಾಠರ ಮನ್ಯಾಗ ಹಂಗಲ್ಲ. ಅವರಲ್ಲಿ "ಕಾವಳಾ ಶಿವಲಾ", ಕಾಗಿ ಮುಟ್ಟೇದ, ಅಂದು ಕಟ್ಟಿಮ್ಯಾಲ ಕುಂತರ ಓಣಿಗೆಲ್ಲಾ ಗೊತ್ತು. ಆ ಮನಿ ಸೊಸಿ ನಮ್ಮನ್ನ ಕಾಡಸತಿದ್ದಳು: "ನಿಮಗ ಕಾಗಿ ಮುಟ್ಟೂದಿಲ್ಲ ಬಾಯಿ, ಅದಕ್ಕೇ ನಿಮಗ ಮನಿಗೆಲಸಕ್ಕ ಸುಟ್ಟಿ, ರಜಾನೂ ಇಲ್ಲ!" ನಮ್ಮ ಹಿರ್ಯಾರು ಹೆಣ್ಣಮಕ್ಕಳಿಗಿ ಮಾಡಿದ ದೊಡ್ಡ ಉಪಕಾರ ಇದು, ಈಗೂ ಹಂಗೇ ಅಂತೀನಿ. ಆದರ ಯಾರೂ ಹೊರಗ ಕೂಡದ ಮನ್ಯಾಗ ಯಾರದು ಯಾವಾಗ ಬಂತು, ಯಾವಾಗ ನಿಂತು, ನಿಂತದ್ದು ತಿರುಗಿ ಯಾವಾಗ ಸುರು ಆತು ಅನ್ನೂದು ಮಗ್ಗಲದಾಗ ಮಲಗಿದವರಿಗೂ ತಿಳೀದು. ಅನುಸೂಯಮ್ಮನ ಮನ್ಯಾಗೂ ತಿಳೀಲಿಲ್ಲ.

ಆಕಿಗಿ ಮುಟ್ಟು ನಿಂತು ಐದಾರು ವರ್ಷ ಆಗಿತ್ತು. ಪಂಚಮಿ ಹಬ್ಬದ ಹೊತ್ತಿನಾಗ ಒಂದು ಮುಂಜಾನಿ ಪೂಜಿಗಿ ಕುಂತಾಗ ಸೀರಿ ತೊಯ್ತಂತ. "ಏ, ನಾ ತಿರುಗಿ ಹರೇದಾಕಿ ಆದೆ" ಅಂತ ಒಬ್ಬಾಕಿನೇ ನಕ್ಕಳಂತ. ಮೈಯಾಗ ಉಷ್ಣ ಆಗೇದ ಅಂತ ಕೊತ್ತಂಬರಿ ಬೀಜದ ನೀರು ಕುಡದಳು. ನಿಲ್ಲಲಿಲ್ಲ. ಉದಗೀರದ ಔಷಧ ಅಂಗಡ್ಯಾಗ ಕೇಳಿ ಗುಳಿಗಿ ತಂದಳು. ನುಂಗಿದರ ನಿಲ್ಲತಿತ್ತು, ಬಿಟ್ಟರ ಬರತಿತ್ತು. ಆಮ್ಯಾಲ ರಕ್ತದ ನಡನಡುವ ನೀರಿನಂಥದ್ದು ಹೋಗಲಿಕ್ಕಿ ಹತ್ತಿತು, ಅದಕ್ಕ ಕೆಟ್ಟ ನಾತ. ಆ ನಾತ ಮುಚ್ಚಲಿಕ್ಕಿ ಮುಂಜಾನಿ, ಮಧ್ಯಾಹ್ನ, ಸಂಜಿ ಧೂಪ ಹಾಕತಿದ್ದಳು. ಬಂದವರೆಲ್ಲಾ "ಅಯ್ಯನೋರ ಮನಿ ಥೇಟ ಗುಡಿ ಆಗೇದ ನೋಡ್ರಿ" ಅಂತಿದ್ದರು. ಗುರುಬಸಯ್ಯನೋರಿಗೂ ಅದು ಕೇಳಿ ಖುಷಿ.

ಇದೆಲ್ಲಾ ಆಕಿ ಹೇಳಿದ ಮ್ಯಾಲ ನನಗ ತಿಳದದ್ದು. ಹೇಳಿದ್ದಾದರೂ ಕೌದಿ ಸಲುವಾಗಿ.

ನನ್ನ ಸೊಸಿ ಮೀನಲ ಬಸರಿದ್ದಳು. ನಾನು ನಾಕು ಸೀರಿ ಒಗದು ಒಯ್ದು ಕೊಟ್ಟಿದ್ದೆ. ಮೀನಲ ಹಡದಳು, ಹೆಣ್ಣಾತು, ಪ್ರಣಿತಾ ಅಂತ ಹೆಸರಿಟ್ಟಿವಿ. ಕೂಸು ಬೋರಲ ಬೀಳಲಿಕ್ಕಿ ಕಲ್ತರೂ ಕೌದಿ ಬರಲಿಲ್ಲ. ಅನುಸೂಯಮ್ಮ ಇನ್ನೂ ಸೀರಿ ಕೇಳಿ ಕಳಸತಿದ್ದಳು, ನಮ್ಮ ಮನಿಗಿ ಅಷ್ಟೇ ಅಲ್ಲ, ಓಣಿಗೆಲ್ಲಾ.

"ಅತ್ತಿ, ಅಮ್ಮನೋರು ಸೀರಿ ತಿಂತಾರೇನ್ರಿ?" ಅಂದಳು ಮೀನಲ. "ನಮ್ಮ ಪೋರಿ ಲಗ್ನದ ಹಾಸಿಗಿಗಿ ಆದರೂ ಕೌದಿ ಬರತದೋ ಇಲ್ಲೋ ಕೇಳಿ ಬರ್ರಿ."

ಸಂಕ್ರಾಂತಿ ಎಳ್ಳು-ಬೆಲ್ಲ ತೊಗೊಂಡು ನಾನೇ ಹೋದೆ. ಮುಂದ ಯಾರೂ ಇರಲಿಲ್ಲ. ಹಿತ್ತಲಕ ಹೋದರ ದನದ ಕೊಟ್ಟಿಗಿ ಹಿಂದ ಹಗ್ಗದ ಮ್ಯಾಲ ಹರಕು ಅರಬಿ ಸಾಲಾಗಿ ಒಣಗತಿದ್ದವು. ಎಷ್ಟು ತಿಕ್ಕಿದರೂ ಹೋಗದ ಕಲಿ ಎಲ್ಲಾದರ ಮ್ಯಾಲ. ಅದರಾಗ ಹಸರು ಅಂಚಿನ ಚೂರು ಕಂಡವು. ನನ್ನ ಸೀರಿ ಅದು. ಅನುಸೂಯಮ್ಮ ಬಚ್ಚಲದಿಂದ ಇನ್ನೊಂದು ಬುಟ್ಟಿ ಹೊತ್ತು ಬಂದಳು. ನನ್ನ ನೋಡಿದಳು, ಬುಟ್ಟಿ ಕೆಳಗಿಟ್ಟಳು.

"ನಿಮ್ಮ ಸೀರಿ ಭಾಳ ಮೆತ್ತಗಿದ್ದವು ಅಕ್ಕಾ."

"ಅಮ್ಮಾ, ಇದು ಯಾವಾಗಿಂದರೀ?"

"ಪಂಚಮಿಯಿಂದ."

"ಅಯ್ಯನೋರಿಗಿ ಹೇಳೀರಿ?"

"ಏನಂತ ಹೇಳಲಿ? ದಿನಾ ನನ್ನ ಕೈಲೇ ಪತ್ರಿ ಇಸಗೊಂಡು ಪೂಜಿಗಿ ಕೂಡತಾರ. ಊರ ಮಂದಿ ನನ್ನ ಕಾಲಿಗಿ ಬೀಳತದ. ಇಂಥಾದ್ದು ನನ್ನ ಬಾಯಿಲೇ ಹೆಂಗ ಬರಬೇಕು?"

ನಾ ದವಾಖಾನಿ ಅಂದೆ. ಆಕಿ ಮಾರಿ ಬಿಗೀತು.

"ನಮ್ಮ ಶಿವಗಂಗಾನ್ನ ನೋಡೀರಿಲ್ಲೋ ನೀವು?"

ನೋಡಿದ್ದೆ. ಶಿವಗಂಗಾಬಾಯಿ ಆಕಿ ತಂಗಿ, ನಿಲಂಗಾ ಊರಿಗಿ ಕೊಟ್ಟಾರ. ಹರೇದಾಗ ಬಿಳೀ ಹೋಗತದ, ಸೊಂಟ ನೂಯತದ ಅಂತ ಒಬ್ಬ ಖಾಸಗಿ ಡಾಕ್ಟರನ ಹತ್ತಿರ ಹೋಗಿದ್ದಳು. ಅಂವಾ ಯಾವ ತಪಾಸಣಿನೂ ಮಾಡಸಲಿಲ್ಲ. "ಗರ್ಭದ ಪಿಶವಿ ಕೆಟ್ಟದ, ಇಟಗೊಂಡರ ಕ್ಯಾನ್ಸರ್ ಆಗತದ" ಅಂದು ಗರ್ಭಚೀಲಾ ತೆಗದು ಕಳಿಸಿದ. ನಮ್ಮ ಕಡಿ ಹಿಂಗ ಚೀಲಾ ಕಳಕೊಂಡವರು ಭಾಳ ಮಂದಿ ಅದಾರ. ಆಕಿ ಆವತ್ತಿನಿಂದ ಸುಖ ಕಾಣಲಿಲ್ಲ. ಮೈಯಾಗ ಝಳ, ನಿದ್ದಿ ಇಲ್ಲ, ಎಲುಬು ಎಲುಬು ನೋವು.

"ಆಕಿಗೂ ಕ್ಯಾನ್ಸರ್ ಅಂತ ಅಂಜಿಸಿದರು, ಏನೂ ಇರಲಿಲ್ಲ. ನನಗೂ ಅದನ್ನೇ ಅಂತಾರ. ಒಲ್ಲೆ ಅಕ್ಕಾ."

ಒಂದು ಸರ್ತಿ ಒಲ್ಲೆ ಅಂದಾಕಿ ಜೋಡಿ ವಾದ ಮಾಡಿದರ ಎರಡನೇ ಸರ್ತಿ ಬಾಗಲಾನೇ ತೆಗೀದಿಲ್ಲ. ನಾ ದಿನಾ ಹೋಗಿ ಕುಂತೆ. ಒಮ್ಮಿ ಕಾಳು ಹಸನ ಮಾಡತ, ಒಮ್ಮಿ ಸುಮ್ಮನ. "ಇವತ್ತ ಹೆಂಗದ ಅಮ್ಮಾ?" ಅಂತಿದ್ದೆ. ಆಕಿ ಹೇಳತಿದ್ದಳು. ಸೊಂಟ ಒಡೀತದ, ತೊಡಿ ಸೆಳೀತದ, ಊಟ ಹತ್ತವಲ್ದು. "ಸರಕಾರಿ ದವಾಖಾನ್ಯಾಗ ಲೇಡಿ ಡಾಕ್ಟರ್ ಅದಾಳ, ಬರೀ ನೋಡತಾಳ" ಅಂತಿದ್ದೆ. "ಯುಗಾದಿ ಆಗಲಿ" ಅಂದಳು. ಯುಗಾದಿ ತನಕ ತಡೀಲಿಲ್ಲ. ಅಯ್ಯನೋರಿಗಿ ಪತ್ರಿ ಕೊಡಲಿಕ್ಕಿ ಎದ್ದಾಕಿ ಅಲ್ಲೇ ಬಿದ್ದಳು. ಕುಂತ ಮಣಿ ತುಂಬ ರಕ್ತ. ಗುರುಬಸಯ್ಯನೋರು ಆವತ್ತು ಮೊದಲು ನೋಡಿದ್ದು. ಕೈಯಾಗಿನ ವಿಭೂತಿ ಹಂಗೇ ಹಿಡಕೊಂಡು ನಿಂತಿದ್ದರು.

ಉದಗೀರಕ್ಕ ಜೀಪಿನಾಗ ಒಯ್ದಿವಿ. ಡಾಕ್ಟರ್ ಸಣ್ಣ ವಯಸ್ಸಿನಾಕಿ, ಮರಾಠಿ ಮಾತಾಡತಿದ್ದಳು. ನರ್ಸ್ ಕೊರಳಾಗಿನ ಲಿಂಗ ತೆಗೀರಿ ಅಂದರ ಆಕಿನೇ "ಇರಲಿ, ಅದು ನಮಗ ಅಡ್ಡ ಬರೂದಿಲ್ಲ" ಅಂದಳು. ನೋಡಲಿಕ್ಕಿ ಭಾಳ ಹೊತ್ತೇನೂ ಹಿಡೀಲಿಲ್ಲ. ಗರ್ಭಚೀಲದ ಬಾಯಾಗ ಹುಣ್ಣು. ಅದರ ಒಂದು ಚೂರು ತೆಗದು ತಪಾಸಣಿಗಿ ಕಳಿಸಿದಳು.

ಅನುಸೂಯಮ್ಮ ಸೀರಿ ಸರಿಮಾಡಿಕೊಂಡು ಕೇಳಿದಳು, "ಚೀಲಾ ತೆಗೀತೀರಿ ಹೌದಲ್ಲೋ? ತೆಗೀರಿ. ನಾ ಏನೂ ಅನ್ನೂದಿಲ್ಲ."

ಡಾಕ್ಟರ್ ಆಕಿ ಕೈ ಹಿಡಕೊಂಡಳು. "ಮಾವಶಿ, ತೆಗೀಲಿಕ್ಕಿ ಬರೂ ಹೊತ್ತು ದಾಟೇದ. ಅದು ಚೀಲಾ ಬಿಟ್ಟು ಹೊರಗ ಹಬ್ಬೇದ ಅನಸ್ತದ. ಲಾತೂರಿಗಿ ಹೋಗ್ರಿ, ಸ್ಕ್ಯಾನ್ ಮಾಡತಾರ."

ಅನುಸೂಯಮ್ಮ ನನ್ನ ಕಡಿ ನೋಡಲಿಲ್ಲ, ಅಯ್ಯನೋರ ಕಡೀನೂ ನೋಡಲಿಲ್ಲ. ಗ್ವಾಡಿ ನೋಡತ ಕುಂತಳು.

ಆ ಡಾಕ್ಟರ್ ನನಗ ಹೊರಗ ಹೇಳಿದ ಮಾತು ನಾ ಮರತಿಲ್ಲ. ಬರೀಲಿಕ್ಕಿ ಓದಲಿಕ್ಕಿ ನನಗ ಅಷ್ಟಕ್ಕಷ್ಟೇ, ಆದರ ಕೇಳಿದ್ದು ನಿಲ್ಲತದ. ಮುಟ್ಟು ನಿಂತು ಒಂದು ವರ್ಷ ದಾಟಿದ ಮ್ಯಾಲ ಒಂದು ಹನಿ ರಕ್ತ ಕಂಡರೂ ಅದು ಹರೇ ಬಂದದ್ದೂ ಅಲ್ಲ, ಉಷ್ಣನೂ ಅಲ್ಲ, ಆ ವಾರದಾಗೇ ತೋರಿಸಬೇಕು. ಗಂಡನ ಜೋಡಿ ಕೂಡಿದ ಮ್ಯಾಲ ರಕ್ತ ಬಂದರೂ ತೋರಿಸಬೇಕು, ಎರಡು ಮುಟ್ಟಿನ ನಡುವ ಬಂದರೂ. ಬಿಳೀ ಹೋಗೂದು ಎಲ್ಲಾರಿಗೂ ಇರತದ, ಅದಕ್ಕ ಅಂಜಬಾರದು. ನಾತ ಬಂದರ, ತುರಿಕಿ ಬಿಟ್ಟರ, ಬಣ್ಣ ಬದಲಾದರ, ಕಿಬ್ಬೊಟ್ಟಿ ನೋವಾದರ ಹೋಗಬೇಕು. ಅದರಾಗ ಭಾಳ ಮಂದಿಗಿ ಗುಳಿಗಿಲೇ ಕಡಿಮಿ ಆಗತದಂತ, ಚೀಲದ ಮಾತೇ ಬರೂದಿಲ್ಲಂತ. ಮೂವತ್ತು ದಾಟಿದ ಹೆಣ್ಣಮಕ್ಕಳಿಗಿ ಏನೂ ತ್ರಾಸ ಇರದಿದ್ದರೂ ಚೀಲದ ಬಾಯಿಗಿ ಔಷಧ ಹಚ್ಚಿ ನೋಡತಾರಂತ. ಅಲ್ಲಿ ಹುಣ್ಣಾಗೂ ಮೊದಲಿನ ಗುರುತು ಕಂಡರ ಅಲ್ಲೇ ಚಿವುಟಿ ಹಾಕಬಹುದಂತ. ರಕ್ತ ನಿಲ್ಲೂ ಗುಳಿಗಿ ಅಂಗಡ್ಯಾಗ ಕೇಳಿ ನುಂಗಿದರ ರಕ್ತ ನಿಲ್ಲತದ, ಹುಣ್ಣು ನಿಲ್ಲೂದಿಲ್ಲ.

ಲಾತೂರಿನಾಗ ಅದೇ ಮಾತು ಗಟ್ಟಿ ಆತು. ಮೂತ್ರದ ಹಾದಿ ಒತ್ತಿ ಹಿಡದಿತ್ತು. ಕರೆಂಟ್ ಕೊಡೂದು ಅಂತೀವಲ್ಲ ನಾವು, ಮಶೀನಿನ ಶಾಖ, ಅದು ಕೊಟ್ಟರು. ಬಾಟ್ಲಿಗಟ್ಟಲೇ ರಕ್ತ ಏರಿಸಿದರು. ಆಕಿ ಮಗ ಸೋಮೇಶ್ವರ ಅಲ್ಲೇ ಇದ್ದು ಮಾಡಿದ. ರಕ್ತ ಹೋಗೂದು ಒಂದಿಷ್ಟು ದಿನ ನಿಂತಿತು. ಊರಿಗಿ ಬಂದಳು, ಸೂಜಿ ಹಿಡೀತೀನಿ ಅಂದಳು. ಹಿಡೀಲಿಕ್ಕಿ ಆಗಲಿಲ್ಲ. ಕಾಲು ಬಾತವು. ಮಾರಿ ಬಾತಿತು.

ನೋಡಲಿಕ್ಕಿ ಬಂದವರಿಗಿ ಅಯ್ಯನೋರು ಪಡಸಾಲ್ಯಾಗೇ "ಹೊಟ್ಟಿ ಬ್ಯಾನಿ" ಅಂತಿದ್ದರು. ಒಳಗ ಹೆಣ್ಣಮಕ್ಕಳು ಮಗ್ಗಲಕ ಕುಂತು ಅದನ್ನೇ ಅಂದರ ಅನುಸೂಯಮ್ಮ ಕಣ್ಣು ತೆರೀತಿದ್ದಳು. "ಹೊಟ್ಟಿ ಅಲ್ಲವಾ, ಗರ್ಭಚೀಲದ ಬಾಯಿ. ನಿನಗ ಬಿಳೀ ನಾತ ಬರತದೇನ? ಹೋಗಿ ತೋರಿಸು." ಕೆಲವರು ನಾಚಿ ಸೆರಗು ಬಾಯಿಗಿ ಹಿಡೀತಿದ್ದರು. ಒಬ್ಬಾಕಿ ಹೊರಗ ಬಂದು "ಅಮ್ಮನೋರಿಗಿ ತಲಿ ನೆಟ್ಟಗಿಲ್ಲ" ಅಂದಳು. ಮರಾಠರ ಮನಿ ಸೊಸಿ ಮಾತ್ರ ಸುಟ್ಟಿ ಮಾತು ಬಿಟ್ಟಳು. ಬಂದು ಕಾಲು ಒತ್ತತ ಕೂಡತಿದ್ದಳು.

ಸೋಯಾಬೀನ್ ಹಣ್ಣಾಗೂ ಹೊತ್ತಿನಾಗ ಆಕಿ ಹೋದಳು. ಮೂತ್ರ ನಿಂತು ಮೂರು ದಿನ ಮಾತಿರಲಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಮಣ್ಣಿಗಿ ಕೊಟ್ಟಿವಿ.

ಮಣ್ಣು ಕೊಟ್ಟು ಬಂದ ಮ್ಯಾಲ ಗಂಡಸರು ಬೇವಿನ ಗಿಡದ ಕೆಳಗ ಕುಂತರು. ಊರ ಹಿರ್ಯಾರು ವಿಶ್ವನಾಥಪ್ಪ "ಏನಾಗಿತ್ತರೀ ಅಯ್ಯನೋರೇ ಅಮ್ಮಗ?" ಅಂದರು.

"ಹೊಟ್ಟಿ ಬ್ಯಾನಿ ಇತ್ತರೀ," ಅಂದರು ಗುರುಬಸಯ್ಯನೋರು.

ಒಳಗ ನಾವು ಅದನ್ನ ಕೇಳಿದಿವಿ. ಅನುಸೂಯಮ್ಮನ ಮಗಳು ಮನೀಷಾ ಉಮರ್ಗಾದಿಂದ ಬಂದಿದ್ದಳು. ಗ್ವಾಡಿಗಿ ಆನಿ ಕುಂತಿದ್ದಳು, ತುಟಿ ಸುಣ್ಣ ಬಳದಂಗ ಬಿಳೇದು. ನಾ ಆಕಿ ಕಣ್ಣಿನ ರೆಪ್ಪಿ ಕೆಳಗ ಜಗ್ಗಿ ನೋಡಿದೆ, ರಕ್ತನೇ ಇಲ್ಲ.

"ನಿನಗ ಮುಟ್ಟು ಹೆಂಗ ಆಗತದ ತಂಗಿ?"

"ಆಯಿ, ಈ ಹೊತ್ತಿನಾಗ ಅದ್ಯಾಕ?"

"ಈ ಹೊತ್ತಿನಾಗೇ ಹೇಳು."

ಆಕಿ ತಲಿ ಬಗ್ಗಿಸಿದಳು. "ಭಾಳ ಹೋಗತದ. ರಕ್ತದ ಗಡ್ಡಿ ಗಡ್ಡಿ. ವರ್ಷಾತು. ತೋರಸ್ತೀನಿ ಆಯಿ, ಸೋಯಾಬೀನ್ ರಾಶಿ ಒಂದು ಆಗಲಿ."

ಶಿವಗಂಗಾಬಾಯಿ ಮೂಲ್ಯಾಗ ಕುಂತು ಅಳತಿದ್ದಳು. ಮುಂಜಾನಿಂದ ಆಕಿ ಅಂದದ್ದು ಒಂದೇ ಮಾತು: "ನನ್ನ ನೋಡೇ ಅಂಜಿದಳು ನಮ್ಮಕ್ಕ." ಚೀಲಾ ತೆಗೆಸಿಕೊಂಡ ಮ್ಯಾಲ ಆಕಿ ಜ್ವರ ಬಂದರೂ ದವಾಖಾನಿ ಮೆಟ್ಟಿಲಾ ಏರಿದಾಕಿ ಅಲ್ಲ. ಈಗ ಕಣ್ಣು ಒರಸಿಕೊಂಡಳು.

"ರಾಶಿ ಯಾರರೆ ಮಾಡತಾರ. ನಾಳಿಗಿ ಉದಗೀರಕ್ಕ ನಡಿ, ನಾ ಬರತೀನಿ."

"ಚಿಗವ್ವಾ, ನೀನಾ?"

"ನಾನೇ. ಚೀಲಾ ತೆಗೀತೀವಿ ಅಂದರ ಯಾಕ ಅಂತ ಕೇಳತೀನಿ. ಏನು ತಪಾಸಣಿ ಮಾಡೀರಿ, ತೋರಸ್ರಿ ಅಂತೀನಿ. ಗುಳಿಗಿಲೇ ಆಗೂದಿಲ್ಲೇನು ಅಂತೀನಿ. ನನ್ನ ಸರ್ತಿ ಕೇಳಲಿಕ್ಕಿ ಯಾರೂ ಇರಲಿಲ್ಲ."

ಮನೀಷಾ ನನ್ನ ನೋಡಿದಳು. "ಮುಂಜಾನಿ ಮೊದಲಿನ ಬಸ್ಸಿಗಿ," ಅಂದೆ ನಾನು. ಹೊರಗ ಗಂಡಸರು ಅನುಸೂಯಮ್ಮನ ಹೊಟ್ಟಿ ಬ್ಯಾನಿದೇ ಮಾತಾಡತಿದ್ದರು.