ಲಾರಿ ಬರೆಯುವವನ ಕೈಗುಣ

ನನ್ನ ಕೈಗುಣ ಒಳ್ಳೆಯದು ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವರು ಯಾರೋ ಗೊತ್ತಿಲ್ಲ. ಗೊತ್ತಿದ್ದರೆ ಮನೆ ಹುಡುಕಿಕೊಂಡು ಹೋಗಿ ನಾಲ್ಕು ಮಾತು ಅಂದೇ ಬರುತ್ತಿದ್ದೆ. ಕೈಗುಣ ವೈದ್ಯನಿಗಿರಲಿ, ಸೂಲಗಿತ್ತಿಗಿರಲಿ. ಲಾರಿಯ ಮೇಲೆ ಬಣ್ಣದಲ್ಲಿ ಅಂಗಡಿಯ ಹೆಸರು ಬರೆಯುವವನಿಗೆ ಅದೇಕೆ ಬೇಕು?

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ಹಳೆಯ ಲಾರಿಗಳನ್ನು ಬಳ್ಳಾರಿಯ ವ್ಯಾಪಾರಿಗಳು ಹರಾಜಿನಲ್ಲಿ ಹಿಡಿದು ತರುತ್ತಿದ್ದರು. ಹಸಿರು ಮೈ, ಬಾಗಿಲ ಮೇಲೆ ಬಿಳಿ ಅಂಕಿ. ಅದನ್ನೆಲ್ಲ ಉಜ್ಜಿ ತೆಗೆದು, ಕೆಂಪು ಬಳಿದು, ಹೆಸರು ಬರೆಯುವುದು ನನ್ನ ಕೆಲಸ. ಡ್ರೈವರನ ತಲೆಯ ಮೇಲಿನ ಹಲಗೆಗೆ ನಾವು ಲಾರಿಯ ಹಣೆ ಎನ್ನುತ್ತಿದ್ದೆವು. ಅಲ್ಲಿ ಕನ್ನಡ, ಹಿಂದಿನ ಹಲಗೆಯ ಮೇಲೆ ತೆಲುಗು, ಎರಡೂ ಬಾಗಿಲಿಗೆ ಇಂಗ್ಲಿಷು. ಆಗ ನಾವಿನ್ನೂ ಮದರಾಸಿನ ಆಡಳಿತದ ಕೆಳಗಿದ್ದೆವು. ಆದೋನಿಯ ದಾರಿಗೆ ತೆಲುಗು ಬೇಕು, ಪೊಲೀಸನಿಗೆ ಇಂಗ್ಲಿಷು ಬೇಕು, ಲಾರಿ ಕೊಂಡ ಸಾಹುಕಾರರ ತಾಯಿಗೆ ಕನ್ನಡ ಬೇಕು. ಕೋಟೆಗುಡ್ಡದ ಕೆಳಗಿನ ಬಯಲಿನಲ್ಲಿ ಇವರೆಲ್ಲರ ಬೇಕುಗಳನ್ನು ಬರೆಯುತ್ತ ಬಿಸಿಲಲ್ಲಿ ಬೇಯುತ್ತಿದ್ದೆ.

ಹತ್ತಿ ವ್ಯಾಪಾರದ ಸಾಹುಕಾರರೊಬ್ಬರ ಮೊದಲ ಲಾರಿ ನಾನೇ ಬರೆದದ್ದು. ಅದು ಒಂದು ಮಳೆಗಾಲ ಹಗರಿ ಹೊಳೆ ದಾಟುವಾಗ ನೀರು ಏರಿತು. ಹಿಂದೆ ಬರುತ್ತಿದ್ದ ಎತ್ತಿನ ಬಂಡಿ ಕೊಚ್ಚಿಹೋಯಿತು, ಲಾರಿ ದಡ ಹತ್ತಿತು. ಅಷ್ಟೇ ನಡೆದದ್ದು. ಅಂದಿನಿಂದ ನಾನು ಬರೆಯದ ಲಾರಿ ಹತ್ತಲು ಡ್ರೈವರುಗಳು ಹಿಂದೆ ಮುಂದೆ ನೋಡತೊಡಗಿದರು. ಕಾಯಿ ಒಡೆದ ಮೇಲೆ ಮೊದಲ ಅಕ್ಷರ ನನ್ನ ಬಲಗೈಯಿಂದಲೇ ಬೀಳಬೇಕು. ಕೊನೆಯ ಅಕ್ಷರ ಒಣಗುವ ತನಕ ಇಂಜಿನ್ ಶುರು ಮಾಡುವಂತಿಲ್ಲ. ಮೊದಮೊದಲು ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಶುರುವಾಯಿತು ನೋಡಿ. ಜ್ವರ ಬಂದು ಮಲಗಿದರೆ ಕಂಬಳಿ ಹೊದಿಸಿಯೇ ಕರೆದೊಯ್ದರು. ಕುರುಗೋಡಿನಲ್ಲಿ ಅಕ್ಕನ ಮಗಳ ಮದುವೆಗೆ ಹೋದರೆ ಅಲ್ಲಿಗೂ ಗಾಡಿ ಬಂತು. ಊಟದ ಎಲೆಯ ಮುಂದಿನಿಂದ ಎದ್ದೆ. ಅಕ್ಕ ಮೂರು ತಿಂಗಳು ಮಾತು ಬಿಟ್ಟಳು. ಬೇರೆ ಪೇಂಟರು ಊರಲ್ಲಿ ಇದ್ದರು, ನನಗಿಂತ ಚೆಂದ ಬರೆಯುವವರೇ ಇದ್ದರು. ಆದರೆ ಅವರ ಕೈಗೆ ಆ ಹಾಳು ಗುಣ ಇರಲಿಲ್ಲವಲ್ಲ!

ಬ್ರಿಟಿಷರು ಹೋದ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ಸಿರುಗುಪ್ಪದ ಒಂದು ಶಾಲೆಯಿಂದ ನನಗೆ ಕಾಗದ ಬಂತು. ಡ್ರಾಯಿಂಗ್ ಮಾಸ್ತರ ಕೆಲಸ. ಮದರಾಸಿನ ಡ್ರಾಯಿಂಗ್ ಪರೀಕ್ಷೆಯನ್ನು ಹಿಂದೆಯೇ ಪಾಸು ಮಾಡಿ, ಆ ಸರ್ಟಿಫಿಕೇಟನ್ನು ಟ್ರಂಕಿನ ತಳದಲ್ಲಿ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಕೆಲಸ ಮುಂದಿನವನಿಗೆ ಹೋಗುತ್ತದೆಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಎಷ್ಟು ಸಲ ಓದಿದೆನೋ. ನಾಲ್ಕೈದು ವರ್ಷದಿಂದ ನಾನು ಒಂದು ಎಲೆಯ ಚಿತ್ರ ಬರೆದಿರಲಿಲ್ಲ, ಒಂದು ಕೊಡದ ಚಿತ್ರ ಬರೆದಿರಲಿಲ್ಲ. ಬರೆದದ್ದೆಲ್ಲ ಕಂಡವರ ಹೆಸರು.

ಅದೇ ವಾರ ಆ ಹತ್ತಿಯ ಸಾಹುಕಾರರು ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಹೊರಲು ಮೂರು ಲಾರಿ, ಒಂದು ಟ್ರೇಲರ್ ತಂದು ಬಯಲಿನಲ್ಲಿ ನಿಲ್ಲಿಸಿದರು. ನಾನು ಕಾಗದ ತೋರಿಸಿ, ಇವಿಷ್ಟು ಮುಗಿಸುತ್ತೇನೆ, ಆಮೇಲೆ ನನ್ನನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಅವರು ಸಿಟ್ಟಾಗಲಿಲ್ಲ. ನನಗೆ ಕಾಫಿ ತರಿಸಿದರು.

“ಆ ಕೈ ನಿಂದೊಬ್ಬಂದ ಅಲ್ಲಪಾ,” ಎಂದರು. “ಮಂದಿ ನಿನ್ನ ಅಕ್ಷರ ನೋಡಿ ಗಾಡಿ ಹತ್ತತಾರ. ನಿನಗ ಹೆಂಗ ಬಿಟ್ಟು ಹೋಗಾಕ ಬರತೈತಿ?”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ಕಾಫಿ ಕುಡಿದು ಎದ್ದು ಬಂದೆ. ಮೈಯೆಲ್ಲ ಉರಿಯುತ್ತಿತ್ತು.

ಎರಡು ಲಾರಿ, ಟ್ರೇಲರ್ ಬರೆದೆ. ಕೊನೆಯ ಲಾರಿಗೆ ಬಂದಾಗ ನನಗೊಂದು ಯೋಚನೆ ಬಂತು. ಈ ಕೈಗುಣದ ಗದ್ದಲಕ್ಕಿಂತ ಮುಂಚೆ ಒಮ್ಮೆ ಏಣಿಯಿಂದ ಬಿದ್ದು ಬಲಗೈಗೆ ಕಟ್ಟು ಹಾಕಿಸಿಕೊಂಡಾಗ, ಮನೆಯಲ್ಲಿ ಸುಮ್ಮನೆ ಕೂರಲಾರದೆ ಎಡಗೈಯಿಂದ ಬರೆಯುವುದನ್ನು ಕಲಿತಿದ್ದೆ. ಈ ಲಾರಿಯನ್ನು ಎಡಗೈಯಿಂದ ಬರೆಯುತ್ತೇನೆ. ಆರು ತಿಂಗಳು ಅದು ನೆಟ್ಟಗೆ ಓಡಾಡಲಿ. ಆಮೇಲೆ ಸಿರುಗುಪ್ಪದಿಂದ ಬಂದು ಎಲ್ಲರೆದುರು ನಿಜ ಹೇಳುತ್ತೇನೆ, ಕೈಗುಣವೂ ಇಲ್ಲ, ಮಣ್ಣೂ ಇಲ್ಲ ಎಂದು. ಆಗಲಾದರೂ ನನ್ನನ್ನು ಬಿಡುತ್ತಾರೆ.

ಅದರ ಡ್ರೈವರ್ ಹಚ್ಚೊಳ್ಳಿಯವನು, ನಾಲ್ಕು ಮಕ್ಕಳ ತಂದೆ. ಕಾಯಿ ಒಡೆದು, ಕೈ ಮುಗಿದು, ಸ್ನಾನಕ್ಕೆ ಹೋದ. ನಾನು ಹಣೆಯ ಹಲಗೆಗೆ ಮೈ ಅಡ್ಡ ಕೊಟ್ಟು ನಿಂತು, ಎಡಗೈಯಿಂದ ಮೊದಲ ಅಕ್ಷರ ಇಳಿಸಿದೆ. ನನ್ನಷ್ಟಕ್ಕೆ ನಗು ಬಂತು. ಕೊನೆಯ ಅಕ್ಷರದ ತನಕ ಕೈ ಬದಲಿಸಲಿಲ್ಲ. ಒಬ್ಬರಿಗೂ ಗೊತ್ತಾಗಲಿಲ್ಲ. ಡ್ರೈವರ್ ಬಂದು, ಈ ಸಲ ಬಾಳ ಚೆಂದ ಆಗೇತಿ ಎಂದ.

ಭಾನುವಾರ ಯಾರಿಗೂ ಹೇಳದೆ ಟ್ರಂಕು ಹಿಡಿದು, ಕುರುಗೋಡಿನ ಮೇಲೆ ಹಾದು ಸಿರುಗುಪ್ಪಕ್ಕೆ ಹೋಗುವ ಬಸ್ಸು ಹತ್ತಿದೆ. ನಾಲ್ಕೈದು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಉಸಿರಾಡಿರಲಿಲ್ಲ. ಕುರುಗೋಡು ಇನ್ನೊಂದು ಮೈಲಿ ಇರುವಾಗ ಬಸ್ಸು ನಿಂತಿತು. ರಸ್ತೆಯ ಪಕ್ಕದ ತಗ್ಗಿನಲ್ಲಿ ಕೆಂಪು ಲಾರಿ ಮಗುಚಿ ಬಿದ್ದಿತ್ತು. ಹಣೆಯ ಹಲಗೆ ಮಣ್ಣು ಕಚ್ಚಿತ್ತು. ಕಂಡ ಎರಡು ಅಕ್ಷರ ನನ್ನ ಎಡಗೈಯವು.

ಸ್ಟೇರಿಂಗಿನ ಕಡ್ಡಿ ಮುರಿದಿತ್ತೆಂದು ಅಲ್ಲಿದ್ದವರು ಹೇಳಿದರು. ಮಿಲಿಟರಿಯ ಹಳೆಯ ಸಾಮಾನು, ಮುರಿಯದೆ ಏನಾದೀತು ಎಂದು ನಾನೂ ನನಗೆ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ತಗ್ಗಿಗೆ ಇಳಿದೆ.

ಡ್ರೈವರನನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಬಲಗಾಲು ಮೊಣಕಾಲ ಕೆಳಗೆ ಮುರಿದು ತಿರುಗಿತ್ತು. ನನ್ನನ್ನು ಕಂಡವನೇ ಎದ್ದು ಕೂರಲು ನೋಡಿದ. ನಾನು ಪಕ್ಕದಲ್ಲಿ ಕೂತೆ. ಎಡಗೈಯ ಸಂಗತಿ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮಾತಾಡಿದ.

“ನಿಮ್ಮ ಕೈ ಇತ್ತಂತ ಜೀವ ಉಳೀತ್ರಿ. ಇಲ್ಲಂದ್ರ ನನ್ನ ಮಕ್ಕಳ ಗತಿ ಏನಿತ್ತು?” ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. “ಈ ಕಾಲ ಮ್ಯಾಲೂ ಒಮ್ಮಿ ಇಡ್ರಿ.”

ಇಟ್ಟೆ. ಇಡದೆ ಏನು ಮಾಡಲಿ? ಅವನು ಕಣ್ಣು ಮುಚ್ಚಿಕೊಂಡ. ಕಾಲು ಸುಡುತ್ತಿತ್ತು. ಕಂಡಕ್ಟರ್ ಸಿರುಗುಪ್ಪದವರು ಹತ್ತಿ ಎಂದು ಎರಡು ಸಲ ಕೂಗಿದ. ಕೈ ತೆಗೆಯಲು ನನಗೆ ಹೆದರಿಕೆಯಾಯಿತು. ಕೈಗುಣವನ್ನು ನಂಬದವನು ಬಳ್ಳಾರಿಯಲ್ಲಿ ನಾನೊಬ್ಬನೇ ಇದ್ದೆ. ಈಗ ನನ್ನ ಕೈಯ ಕೆಳಗೆ ಆ ಕಾಲು ಇತ್ತು, ನಾನೂ ನಂಬಿದ್ದೆ. ಬಸ್ಸಿನ ಮೇಲಿರುವ ನನ್ನ ಟ್ರಂಕು ಇಳಿಸು ಎಂದು ಕಂಡಕ್ಟರನಿಗೆ ಕೂತಲ್ಲಿಂದಲೇ ಹೇಳಿದೆ.