ಎರಡನೇ ಪಾಳಿಗೆ ಮುನ್ನ ಮಸ್ಕಿ ಗುಡ್ಡ

ಶಿವರಾತ್ರಿ ಮುಗಿದು ಒಂದು ವಾರವಾಗಿತ್ತು. ಮುಂಜಾನೆ ಐದೂವರೆಗೆ ಹಟ್ಟಿಯ ಬಸ್ ನಿಲ್ದಾಣಕ್ಕೆ ಬಂದಾಗ ಚಳಿ ಶಿವ ಶಿವ ಎಂದು ಆಗಲೇ ಓಡಿಹೋಗಿತ್ತು. ನನ್ನ ಕೈಚೀಲದಲ್ಲಿ ಎರಡು ಬಾಟಲಿ ನೀರು, ಆರು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ, ಒಂದು ಟವೆಲ್ಲು ಇದ್ದವು. ಮಧ್ಯಾಹ್ನ ಮೂರಕ್ಕೆ ಎರಡನೇ ಪಾಳಿ. ಅಷ್ಟರೊಳಗೆ ಒಂದು ಗುಡ್ಡ ಹತ್ತಿ, ಇಳಿದು, ನಲವತ್ತೈದು-ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹಿಂದಿರುಗಿ ಬಂದು, ಹೆಲ್ಮೆಟ್ಟು ಏರಿಸಿ ಗಣಿಗೆ ಇಳಿಯಬೇಕಿತ್ತು.

ಚಿನ್ನದ ಗಣಿಯಲ್ಲಿ ನನ್ನದು ಪಂಪು ನೋಡಿಕೊಳ್ಳುವ ಕೆಲಸ. ಇಪ್ಪತ್ತಾರು ವರ್ಷದಿಂದ ನೆಲದೊಳಗಿಂದ ನೀರು ಎತ್ತುತ್ತಿದ್ದೇನೆ. ಮಗಳು ಸುಜಾತಾ ಸಿಂಧನೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ನನ್ನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ, ಅವಳ ಡ್ಯೂಟಿ ದಿನಕ್ಕೊಮ್ಮೆ. ವರ್ಷದ ಹಿಂದೆ ಅವಳೇ ಒಂದು ಉಪಾಯ ಹೇಳಿದಳು. "ಅಪ್ಪಾ, ಊಟಿ ಗೀಟಿ ನಮ್ಮ ಹಣಿಬರದಾಗ ಇಲ್ಲ. ಹದಿನೈದು ದಿನಕ್ಕ ಒಂದು ಮುಂಜಾನಿ ತಗಿ ಸಾಕು. ಮುಂಜಾನಿ ಹೋಗೂದು, ಮಧ್ಯಾಹ್ನಕ್ಕ ಬರೂದು." ಹಾಗೆ ಶುರುವಾಯಿತು ನಮ್ಮ ತಿರುಗಾಟ. ಮುದಗಲ್ಲಿನ ಕೋಟೆ, ಜಲದುರ್ಗ, ಸಿಂಧನೂರಿನ ಎಡದಂಡೆ ಕಾಲುವೆಯ ಏರಿಯ ಮೇಲೆ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವರೆಗೆ ನಡಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಮ್ಮದು ಬಸ್ಸು ಇದ್ದಷ್ಟು. ಈ ಸಲ ಮಸ್ಕಿ. ಇಬ್ಬರಿಗೂ ನಡು ದಾರಿ.

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದೆ. ಮಸ್ಕಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ರುಮಾಲಿನ ಹಿರಿಯರೊಬ್ಬರು ನಾನು ಗುಡ್ಡಕ್ಕೆ ಹೊರಟಿದ್ದೇನೆಂದು ತಿಳಿದು ಕಣ್ಣರಳಿಸಿದರು. "ಹುಷಾರ್ ರೀ. ಪಾಮನಕಲ್ಲೂರು ಕಡೆ ಹೊಲದಾಗ ಚಿರತಿ ಹೆಜ್ಜಿ ಕಂಡಾವಂತ. ಕುರಿ ಒಂದು ಹೋಗೇತಂತ." ಯಾರು ಕಂಡರು ಎಂದು ಕೇಳಿದೆ. "ಮಂದಿ ಅಂತಾರ" ಎಂದರು. ಮಂದಿ ಅಂದದ್ದಕ್ಕೆ ಸಾಕ್ಷಿ ಬೇಕಿಲ್ಲ. ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲಗಳನ್ನು ನಾನು ಬೇರೆಯದೇ ಕಣ್ಣಿನಿಂದ ನೋಡಿದೆ.

ಏಳೂವರೆಗೆ ಸುಜಾತಾ ಸಿಂಧನೂರಿನ ಬಸ್ಸಿನಿಂದ ಇಳಿದಳು. "ನಂದು ಟಿಕೆಟ್ ಫ್ರೀ, ನಿಂದೆಷ್ಟಾತು?" ಎಂದು ಎಂದಿನಂತೆ ಕಾಡಿದಳು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಮುಗಿಸಿ ಎಂಟರ ಹೊತ್ತಿಗೆ ಗುಡ್ಡದ ಬುಡದಲ್ಲಿದ್ದೆವು. ಚಿರತೆಯ ಸುದ್ದಿ ಹೇಳಿದೆ. ಅವಳು ನಕ್ಕಳು. "ಚಿರತಿ ಬಂದ್ರ ನಿನ್ನ ತಿಂತೈತಿ, ನಾ ಬರೇ ಎಲುಬು." ನನಗೆ ನಗು ಬರಲಿಲ್ಲ.

ನನ್ನ ಹೆದರಿಕೆ ಚಿರತೆಯದು ಮಾತ್ರವಲ್ಲ. ನನಗೆ ಎತ್ತರ ಆಗಿಬರುವುದಿಲ್ಲ. ಎರಡು ಸಾವಿರ ಅಡಿ ಕೆಳಗೆ ಇಳಿಯುವವನಿಗೆ ಇದೆಂಥ ಭಯ ಎಂದು ಜನ ಕೇಳುತ್ತಾರೆ. ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿಯುವಾಗ ಕತ್ತಲು, ಆಳ ಕಣ್ಣಿಗೆ ಕಾಣುವುದಿಲ್ಲ. ಬಂಡೆಯ ಮೇಲೆ ನಿಂತರೆ ಎಲ್ಲವೂ ಕಾಣುತ್ತದೆ. ಕೆಳಗಿನ ಮನೆ, ರಸ್ತೆ, ಕಡ್ಡಿಪೆಟ್ಟಿಗೆಯಷ್ಟಾದ ಟ್ರ್ಯಾಕ್ಟರು, ಎಲ್ಲವೂ ಬಾ ಎಂದು ಎಳೆದಂತಾಗುತ್ತದೆ.

ಮಸ್ಕಿಗೆ ಹೆಸರು ತಂದ ಹಳೆಯ ಶಾಸನದ ಬಂಡೆ ನೋಡಿ, ಅಲ್ಲಿಂದ ಗುಡ್ಡದ ಹಿಂಬದಿಗೆ ಹೋದೆವು. ಅಲ್ಲಿ ಮೆಟ್ಟಿಲಿಲ್ಲ, ಆಡು ಓಡಾಡುವ ಜಾಡು ಮಾತ್ರ. ಒಂದು ದೊಡ್ಡ ಚಪ್ಪಟೆ ಬಂಡೆ ಸಿಕ್ಕಿತು. ಅದಕ್ಕಿಂತ ಮೇಲೆ ಹತ್ತುವುದು ನನ್ನಿಂದ ಆಗದು ಎಂದೆ. ಸುಜಾತಾ ಮೇಲಿನ ಗವಿಯಂಥ ಜಾಗ ತೋರಿಸಿ, "ಅಲ್ಲಿ ತನಾ ಹೋಗಿ ಬರ್ತೀನಿ. ಹತ್ತು ನಿಮಿಷ" ಎಂದು ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಫೋನು ಅದರಲ್ಲೇ ಇತ್ತು, ನೀರು ನನ್ನ ಚೀಲದಲ್ಲಿತ್ತು. ಅದು ನಮ್ಮ ಲಕ್ಷ್ಯಕ್ಕೆ ಬರಲಿಲ್ಲ.

"ದಾರಿ ತಪ್ಪಿದ್ರ ಏನು ಮಾಡ್ತಿ?" ಎಂದು ಕೇಳಿದೆ.

"ಇದ್ದಲ್ಲೇ ಕುಂದ್ರತೀನಿ" ಎಂದಳು, ಪಾಠ ಒಪ್ಪಿಸುವ ಧಾಟಿಯಲ್ಲಿ.

ಅದು ಗಣಿಯ ನಿಯಮ. ಕೆಳಗೆ ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆ ಕೊಟ್ಟು ಇಳಿಯುತ್ತಾನೆ. ಪಾಳಿ ಮುಗಿದಾಗ ಯಾರ ಬಿಲ್ಲೆ ಉಳಿದಿದೆಯೋ ಅವನನ್ನು ಹುಡುಕಲು ಮಂದಿ ಇಳಿಯುತ್ತಾರೆ. ಅದಕ್ಕೇ ದೀಪ ಆರಿದರೆ, ದಾರಿ ತಪ್ಪಿದರೆ ಅಲುಗಾಡಬಾರದು. ಕೆಲಸ ಕಲಿಸಿದ ಹಿರಿಯರು ಇದನ್ನು ಮೊದಲ ದಿನವೇ ನನ್ನ ತಲೆಗೆ ತುಂಬಿದ್ದರು. ನಾನು ಅದನ್ನು ಮಗಳ ತಲೆಗೆ ತುಂಬಿದೆ. ಲಿಂಗಸುಗೂರಿನ ಸಂತೆಯಲ್ಲಿ ಐದು ವರ್ಷದವಳಿದ್ದಾಗ ಒಮ್ಮೆ ತಪ್ಪಿಸಿಕೊಂಡು, ಉಳ್ಳಾಗಡ್ಡಿ ರಾಶಿಯ ಪಕ್ಕ ಅಳದೆ ಕೂತಿದ್ದಳು. ಆವತ್ತು ನಿಯಮವೇ ಅವಳನ್ನು ಕಾಪಾಡಿತು.

ಅವಳು ಬಂಡೆಯ ಮೂಲೆ ತಿರುಗಿ ಕಾಣದಾದಳು. ಆಗ ಎಂಟೂ ಮುಕ್ಕಾಲು. ಒಂಬತ್ತಾಯಿತು, ಒಂಬತ್ತೂ ಕಾಲಾಯಿತು. ಕೂಗಿದೆ. ನನ್ನ ದನಿ ಬಂಡೆಗೆ ಬಡಿದು ನನಗೇ ಮರಳಿತು, ಬೇರೆ ಉತ್ತರವಿಲ್ಲ. ಇನ್ನೊಮ್ಮೆ ಕೂಗಲು ಬಾಯಿ ತೆರೆದವನು ಚಿರತೆ ನೆನಪಾಗಿ ಮುಚ್ಚಿದೆ. ಎದ್ದು ನಾಲ್ಕು ಹೆಜ್ಜೆ ಇಟ್ಟೆ. ಮುಂದೆ ಬಂಡೆ ಜಾರುಬಂಡಿಯಂತೆ ಇಳಿದಿತ್ತು, ಬದಿಯಲ್ಲಿ ಬರೀ ಗಾಳಿ. ನಾನು ಇಲ್ಲಿಂದ ಹೋದಾಗ ಅವಳು ಬಂದರೆ? ದಾರಿ ತಪ್ಪಿದ್ದರೆ ಎಲ್ಲೋ ಕೂತಿರುತ್ತಾಳೆ, ದಾರಿ ಸಿಕ್ಕರೆ ಇಲ್ಲಿಗೇ ಬರುತ್ತಾಳೆ. ಇದ್ದಲ್ಲೇ ಇರುವುದು ಸರಿ. ಹೀಗೆ ಲೆಕ್ಕ ಹಾಕಿ, ಅವಳಿಗೆ ದೂರದಿಂದ ಕಾಣಲೆಂದು ನೆರಳು ಬಿಟ್ಟು ಬಿಸಿಲಿನಲ್ಲೇ ಕೂತೆ.

ಬಿಸಿಲು ಏರಿತು. ಎಲ್ಲೋ ಸಣ್ಣ ಕಲ್ಲೊಂದು ಉರುಳಿದರೆ ಆ ಕಡೆ ತಿರುಗುತ್ತಿದ್ದೆ. ಕುರುಚಲು ಗಿಡ ಅಲ್ಲಾಡಿದರೆ ಅದರ ಹಿಂದೆ ಎರಡು ಕಣ್ಣಿವೆ ಎನಿಸುತ್ತಿತ್ತು. ಅವಳು ಜಾರಿ ಬಿದ್ದಿದ್ದಾಳೆ ಎಂಬ ಚಿತ್ರ ತಾನಾಗಿ ಬಂತು. ಬಿದ್ದ ಭಂಗಿ, ತಿರುಚಿದ ಕಾಲು, ಎಲ್ಲವೂ ಬಂದವು. ಅವಳ ಅವ್ವನಿಗೆ ಏನು ಹೇಳುವುದು ಎಂಬಲ್ಲಿಗೆ ಯೋಚನೆ ಮುಟ್ಟಿತು. ನೀರಿದ್ದರೂ ಕುಡಿಯಲಿಲ್ಲ. ಮತ್ತೆ ಎದ್ದೆ, ಮತ್ತೆ ಆ ಇಳಿಜಾರು ನೋಡಿದೆ, ಮತ್ತೆ ನಿಯಮ ನೆನಪಾಯಿತು, ಮತ್ತೆ ಕೂತೆ, ಹೀಗೇ ಇನ್ನೆರಡು ಸಲ. ಈಗ ಬರೆಯುವಾಗ ಮುಚ್ಚಿಡುವುದೇಕೆ? ನನ್ನನ್ನು ಕೂರಿಸಿದ್ದು ಅರ್ಧ ನಿಯಮ, ಅರ್ಧ ಪುಕ್ಕಲುತನ. ಯಾವುದು ಯಾವ ಅರ್ಧ ಎಂದು ನನಗೇ ಗೊತ್ತಿರಲಿಲ್ಲ.

ಹತ್ತು ದಾಟಿತ್ತು. ಆಡುಗಳ ಹಿಂಡೊಂದು ಜಾಡು ಹಿಡಿದು ಬಂತು. ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿದ್ದ ಮುದುಕಿ. ಹೆಸರು ಹನುಮವ್ವ ಎಂದು ಆಮೇಲೆ ತಿಳಿಯಿತು. ಮಗಳು ಮೇಲೆ ಹೋಗಿ ಒಂದೂವರೆ ತಾಸಾಯಿತು ಎಂದೆ.

"ಮತ್ತ ನೀ ಯಾಕ ಕುಂತಿ?"

"ದಾರಿ ತಪ್ಪಿದ್ರ ಕುಂದ್ರಬೇಕಂತ ನಿಯಮ ಐತಿ ಯವ್ವಾ."

"ಯಾರ್ದೋ ಯಪ್ಪಾ ಆ ನಿಯಮ?" ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಳಕೊಂಡಾಕಿ ಕುಂದ್ರಲಿ, ಖರೇ ಐತಿ. ಹುಡುಕಾಂವನೂ ಕುಂತ್ರ ಹೆಂಗ? ನನ್ನ ಆಡು ತಪ್ಪಿದ್ರ ನಾ ಬಂಡಿಗಲ್ಲ ಮ್ಯಾಲ ಕುಂತು ಬರ್ತೈತಿ ಬಿಡು ಅಂತೀನೇನು?"

ಗಣಿಯಲ್ಲಿ ಹುಡುಕುವವರು ಬೇರೆ ಇರುತ್ತಾರೆ, ಬಿಲ್ಲೆ ಎಣಿಸುವವರು ಇರುತ್ತಾರೆ. ಈ ಗುಡ್ಡದ ಮೇಲೆ ಅವಳ ಬಿಲ್ಲೆ ನನ್ನೊಬ್ಬನ ಹತ್ತಿರ ಮಾತ್ರ ಇತ್ತು. ಇಷ್ಟು ಸರಳ ಸಂಗತಿ ಇಪ್ಪತ್ತಾರು ವರ್ಷದ ರೂಢಿಯ ಕೆಳಗೆ ಹೂತುಹೋಗಿತ್ತು.

ಹನುಮವ್ವ ಕಣ್ಣಿಗೆ ಕೈ ಮರೆಮಾಡಿ ಗವಿಯ ಕಡೆ ನೋಡಿ ದನಿ ತಗ್ಗಿಸಿದಳು. "ಅಲ್ಲಿ ಹೆಜ್ಜೇನು ಅದಾವ. ಮುಂಜಾನಿ ಹದ್ದು ಬಂದು ಬಡದು ಹೋಗೇತಿ, ಎದ್ದಾವ. ಕೂಗಬ್ಯಾಡ. ಓಡಬ್ಯಾಡ. ಕಡದ್ರೂ ಕೈ ಬೀಸಬ್ಯಾಡ. ನಡಿ."

ಅವಳು ಮುಂದೆ, ನಾನು ಹಿಂದೆ. ಇಳಿಜಾರಿನ ಮೇಲೆ ಅವಳು ಬರಿಗಾಲಿನಲ್ಲಿ ನಡೆದಳು. ನಾನು ಚಪ್ಪಲಿ ಬಿಟ್ಟು ನಾಲ್ಕು ಕಾಲಿನ ಪ್ರಾಣಿಯಾಗಿ ತೆವಳಿದೆ. ಬಂಡೆ ಅಂಗೈ ಸುಡುತ್ತಿತ್ತು. ಕೆಳಗೆ ನೋಡಬೇಡ ಎಂದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಗುಂಯ್ ಎನ್ನುವ ಸದ್ದು ಮೊದಲು ಕಿವಿಗೆ ಬಂತು, ಆಮೇಲೆ ಗವಿಯ ಚಾಚಿನಡಿ ತೂಗುತ್ತಿದ್ದ ಮೂರು ಕರೀ ಜೇನುಹುಟ್ಟುಗಳು ಕಂಡವು. ಅವುಗಳ ಕೆಳಗಿನ ಅಂಚಿನಲ್ಲಿ, ವೇಲಿನಿಂದ ತಲೆ ಮುಖ ಮುಚ್ಚಿಕೊಂಡು, ಮೊಣಕಾಲು ಎದೆಗೆ ಒತ್ತಿ ಸುಜಾತಾ ಮುದ್ದೆಯಾಗಿ ಕೂತಿದ್ದಳು. ಅವಳ ಬೆನ್ನಿನ ಮೇಲೆ ಹುಳಗಳು ಹರಿದಾಡುತ್ತಿದ್ದವು. ಬದುಕಿದ್ದಾಳೆಯೇ ಎಂದು ತಿಳಿಯಲು ನಾನು ಅವಳ ಬೆನ್ನು ಏರುವುದನ್ನು, ಇಳಿಯುವುದನ್ನು ನೋಡಿದೆ. ಏರಿತು.

ಕೊನೆಯ ಬಂಡೆ ಆಳೆತ್ತರದ್ದು. "ನನ್ನ ಮೊಣಕಾಲಿಗೆ ಇದು ನೀಗೂದಿಲ್ಲ. ನೀನ ಹೋಗಬೇಕು" ಎಂದು ಹನುಮವ್ವ ಕಂಬಳಿಯನ್ನು ನನ್ನ ತಲೆಗೆ ಹೊದಿಸಿದಳು. ಹೇಗೆ ಹತ್ತಿದೆನೋ ನೆನಪಿಲ್ಲ. ಒಂದು ಕಾಲು ಸಂದಿಯಲ್ಲಿ ಸಿಕ್ಕಿಕೊಂಡದ್ದು ನೆನಪಿದೆ. ಕುತ್ತಿಗೆಗೆ ಒಂದು ಕಡಿಯಿತು, ಕಿವಿಗೆ ಇನ್ನೊಂದು. ಕಣ್ಣಲ್ಲಿ ನೀರು ಬಂದರೂ ಕೈ ಬೀಸಲಿಲ್ಲ. ಮಗಳ ಮೇಲೆ ಕಂಬಳಿ ಎಳೆದು ಅದರೊಳಗೆ ಇಬ್ಬರೂ ಸೇರಿಕೊಂಡೆವು. ಕುರಿ ಉಣ್ಣೆಯ ವಾಸನೆ, ಅವಳ ಬಿಸಿ ಉಸಿರು. "ಬಂದೀನವ್ವಾ" ಎಂದೆ. ಅವಳು ನನ್ನ ಅಂಗಿಯ ತೋಳು ಹಿಡಿದಳು. ಕೂತಲ್ಲೇ ಅಂಡೂರಿ ಅಂಗುಲ ಅಂಗುಲ ಸರಿದು ಇಳಿದೆವು. ಬರೀ ಇಪ್ಪತ್ತು ಮೊಳದ ದಾರಿಗೆ ಅರ್ಧ ತಾಸು ಹಿಡಿಯಿತು.

ಕೆಳಗಿದ್ದ ಬೇವಿನ ಗಿಡದ ನೆರಳಿನಲ್ಲಿ ಅವಳು ಒಂದೇ ಉಸಿರಿಗೆ ಒಂದು ಬಾಟಲಿ ನೀರು ಕುಡಿದಳು. ತೋಳು, ಬೆನ್ನಿಗೆ ಏಳೆಂಟು ಕಡಿತ. ಹನುಮವ್ವ ಉಗುರಿನಿಂದ ಮುಳ್ಳು ಕೆರೆದು ತೆಗೆದು, ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದಳು. "ಅಜ್ಜೀ, ಐಸ್ ಹಚ್ಚಬೇಕು ರೀ" ಎಂದಳು ನಮ್ಮ ನರ್ಸು. "ಗುಡ್ಡದಾಗ ಐಸು ಎಲ್ಲಿಂದ ತರ್ಲೆವ್ವಾ, ಸುಮ್ ಕುಂದ್ರು" ಎಂದು ಮುದುಕಿ ಬಳಿದೇಬಿಟ್ಟಳು. ನಾಲ್ಕು ರೊಟ್ಟಿ, ಹಿಂಡಿ ಕೊಟ್ಟೆ. ಅದನ್ನು ಸೆರಗಿಗೆ ಕಟ್ಟಿಕೊಂಡು, ಕಂಬಳಿ ಝಾಡಿಸಿ, ಚದುರಿದ ಆಡುಗಳನ್ನು ಬೈಯುತ್ತ ಹೋದಳು.

ಊರಿನ ದವಾಖಾನೆಯಲ್ಲಿ ಇಬ್ಬರಿಗೂ ಸೂಜಿ ಹಾಕಿ, ಅರ್ಧ ತಾಸು ಕೂರಿಸಿ ಕಳಿಸಿದರು. ಹನ್ನೆರಡೂವರೆಗೆ ನಿಲ್ದಾಣದಲ್ಲಿದ್ದೆವು. ನನ್ನ ಕಿವಿ ಬಾತು ವಡೆಯಾಗಿತ್ತು. ಬಿಸಿಲು ಕಣ್ಣು ಕುಕ್ಕುತ್ತಿತ್ತು, ನೆರಳಿನ ಕಟ್ಟೆಯ ಮೇಲೆ ಇಬ್ಬರೂ ಕೂತು ಕಬ್ಬಿನ ಹಾಲು ಕುಡಿದೆವು. ನಾನೇ ತಡೆಯಲಾರದೆ, "ಭಾಳ ಅಂಜಿದ್ದೇನು? ನಾ ಎಲ್ಲದೀನಂತ ಗೊತ್ತಾಗಲಿಲ್ಲ, ಅಲ್ಲಾ?" ಎಂದೆ.

"ಗೊತ್ತಿತ್ತಪ್ಪಾ. ನೀ ಕಾಣಾಕತ್ತಿದ್ದಿ" ಎಂದಳು. "ನಾ ನೆಳ್ಳಾಗ, ನೀ ಬಿಸಿಲಾಗ. ವೇಲಿನ ಸಂದ್ಯಾಗಿಂದ ಚೊಲೋ ಕಾಣತಿತ್ತು. ಕೂಗಿದ್ರ ಜೇನು ಬರ್ತಾವಂತ ಕೂಗಲಿಲ್ಲ. ನೀ ಏಳ್ತಿದ್ದಿ, ನಾಕು ಹೆಜ್ಜಿ ಬರ್ತಿದ್ದಿ, ಮತ್ತ ಹೋಗಿ ಕುಂದ್ರತಿದ್ದಿ. ನಾಕು ಸಲ ಎದ್ದಿ. ನಾಕು ಸಲ ಕುಂತಿ."

ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟೆ. ಆ ಬಂಡೆಯ ಮೇಲೆ ನನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ.

ಸಿಂಧನೂರಿನ ಬಸ್ಸು ಬಂತು. ಅವಳು ಬ್ಯಾಗು ಹೆಗಲಿಗೆ ಹಾಕಿ ಎದ್ದಳು, ಆದರೆ ಹೋಗಲಿಲ್ಲ. "ಒಂದು ಕೇಳ್ಲೇನು? ಆ ಅಜ್ಜಿ ಬರದಿದ್ರ ನೀ ಬರ್ತಿದ್ದೇನಪ್ಪಾ?"

ಬರುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅದನ್ನು ನುಂಗಿದೆ.

"ಗೊತ್ತಿಲ್ಲವ್ವಾ" ಎಂದೆ.

ಅವಳು ತಲೆಯಾಡಿಸಿದಳು. "ನಂಗೂ ಅದರದೇ ಅಂಜಿಕಿ ಆಗಿತ್ತು. ಜೇನಿಂದಲ್ಲ" ಎಂದು ಬಸ್ಸು ಹತ್ತಿದಳು. ಕಿಟಕಿಯಲ್ಲಿ ಅವಳ ಸುಣ್ಣ ಹಚ್ಚಿದ ತೋಳು ಕಂಡಿತು. ಬಸ್ಸು ಸಿಂಧನೂರಿನ ರಸ್ತೆಗೆ ತಿರುಗುವವರೆಗೂ ನಾನು ಬಿಸಿಲಿನಲ್ಲಿ ನಿಂತಿದ್ದೆ.