ಮುಂದಿನ ಬ್ರೇಕಿನ ನಿಯಮ

ನಾನು ಹಗ್ಗ ಕಂಡರೂ ಹಾವೆಂದು ಬೆಚ್ಚುವವಳು. ಸದಾಶಿವನಗರದ ಮನೆಯಿಂದ ಕಾಲೇಜಿಗೆ ಹೊರಟರೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಗೇಟಿನಿಂದ ಎರಡು ಸಲವಾದರೂ ಹಿಂದಿರುಗುತ್ತೇನೆ. ಇಂಥವಳ ಕೈಗೆ ರೇಸಿನ ನಿಯಮ ಬರೆಯುವ ಕೆಲಸ ಕೊಟ್ಟವನು ನನ್ನ ತಮ್ಮ.

ಅವನಿಗೆ ಗುಬ್ಬಿಯಲ್ಲಿ ಗ್ಯಾರೇಜ್ ಇದೆ. ಅವನೂ ಅವನಂಥ ಹತ್ತು ಹನ್ನೆರಡು ಮೆಕ್ಯಾನಿಕ್‌ಗಳೂ ಸೇರಿ, ತೆಂಗಿನಕಾಯಿ ಮೂಟೆ ಹೊತ್ತು ಸವೆದ ಹಳೆಯ ಮೊಪೆಡ್‌ಗಳನ್ನು ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ಸರಣಿಯೊಂದನ್ನು ಶುರು ಮಾಡಲು ಹೊರಟಿದ್ದರು. ಗುಬ್ಬಿ, ಕುಣಿಗಲ್, ಕೋರ, ಹೀಗೆ ಮೂರು ಕಡೆ ಮೂರು ರೇಸು. ಯಾರ ಎಂಜಿನ್ ಎಷ್ಟಿರಬೇಕು, ಯಾರು ಮುಂದಿನ ಸಾಲಿನಲ್ಲಿ ನಿಲ್ಲಬೇಕು ಎಂದು ಅವರವರಲ್ಲೇ ಜಗಳವಾಯಿತು. ಅವರಲ್ಲಿ ಅರ್ಧ ಜನ ಡಿಪ್ಲೊಮಾದಲ್ಲಿ ನನ್ನ ಹತ್ತಿರ ಗಣಿತ ಕಲಿತವರು. ಕೊನೆಗೆ "ಮೇಡಂ ಬರ್ದಿದ್ದೇ ಫೈನಲ್" ಎಂದುಬಿಟ್ಟರು.

ನಾನು ಒಂದು ರೇಸನ್ನೂ ನೋಡಿದವಳಲ್ಲ. ತಮ್ಮ ಬೀಳುವುದನ್ನು ಮಾತ್ರ ಕಣ್ಣೆದುರು ತಂದುಕೊಂಡು ಬರೆಯುತ್ತಾ ಹೋದೆ. ಹೆಲ್ಮೆಟ್, ಶೂ, ತಿರುವಿನ ಅಂಚಿಗೆ ಹುಲ್ಲಿನ ಹೊರೆ; ಆಂಬುಲೆನ್ಸ್ ಬಂದು ನಿಲ್ಲುವ ತನಕ ಯಾರೂ ಗಾಡಿ ಸ್ಟಾರ್ಟ್ ಮಾಡುವಂತಿಲ್ಲ. ಒಟ್ಟು ಮೂವತ್ತೊಂದಾದವು.

ಓದಿ ತಮ್ಮ ನಕ್ಕ. "ಅಕ್ಕಾ, ರೇಸ್‌ಗೆ ರೂಲ್ಸ್ ಬರ್ಕೊಡು ಅಂದ್ರೆ, ಯಾರೂ ಮನೆಯಿಂದ ಆಚೆಗೇ ಬರದಂಗೆ ಬರ್ದಿದೀಯಲ್ಲ!"

ಒಂಬತ್ತನೆಯದು ಬ್ರೇಕಿನದು. ಮಣ್ಣಿನಲ್ಲಿ ಓಡಿಸುವ ಮೊದಲು ಇವರೆಲ್ಲ ಮುಂದಿನ ಚಕ್ರದ ಬ್ರೇಕ್ ಕಳಚಿಡುತ್ತಾರೆಂದು ತಿಳಿದಾಗ ನನಗೆ ಜೀವ ಬಾಯಿಗೆ ಬಂದಂತಾಗಿತ್ತು. ಎರಡೂ ಬ್ರೇಕ್ ಕೆಲಸ ಮಾಡದ ಗಾಡಿಗೆ ಪ್ರವೇಶವಿಲ್ಲ ಎಂದು ಬರೆದು, ಕೆಳಗೆ ಗೆರೆ ಎಳೆದೆ. ಸತ್ಯಮಂಗಲದ ಲೇತ್ ಶೆಡ್ಡಿನಲ್ಲಿ ಎಲ್ಲರೂ ಸೇರಿದಾಗ ಒಂದೊಂದೇ ನಿಯಮ ಓದಿದೆ, ಇದನ್ನು ಮಾತ್ರ ಎರಡು ಸಲ. "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದೆ. ಎಲ್ಲಕ್ಕೂ "ಸರಿ ಮೇಡಂ" ಎಂದರು.

ಕುಣಿಗಲ್ ಹತ್ತಿರ ರಾಗಿ ಕೊಯ್ದ ಹೊಲವೊಂದರಲ್ಲಿ ಟ್ರಯಲ್ ನಡೆಯಿತು. ಬೆಳಿಗ್ಗೆ ನಾನೇ ಒಂದೊಂದು ಗಾಡಿಯ ಬ್ರೇಕ್ ಹಿಡಿದು ನೋಡಿದೆ. ತಮ್ಮನದನ್ನು ಮೂರು ಸಲ. ಎರಡನೇ ಸುತ್ತಿನ ತಿರುವಿನಲ್ಲಿ ಅವನ ಗಾಡಿಯ ಮುಂದಿನ ಚಕ್ರ ಗಕ್ಕನೆ ನಿಂತು ಜಾರಿತು. ಅವನು ಭುಜ ಊರಿ ಬಿದ್ದ. ಓಡಿ ಹೋದೆ. ಅವನೇ ಹಲ್ಲು ಕಚ್ಚಿಕೊಂಡು, "ಬ್ರೇಕ್ ಚೆನ್ನಾಗಿ ಹಿಡೀತು ಕಣಕ್ಕಾ" ಎಂದ.

ಕೊರಳ ಪಕ್ಕದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟ. "ರೋಡಲ್ಲಿ ಓಡ್ಸಿ ಓಡ್ಸಿ, ಗಾಬ್ರಿಯಾದ್ರೆ ಕೈ ತಾನೇ ಬ್ರೇಕ್‌ಗೆ ಹೋಗುತ್ತೆ. ಸಡಿಲ ಮಣ್ಣಲ್ಲಿ ಮುಂದಿಂದು ಹಿಡಿದ್ರೆ ಎತ್ತಿ ಬಿಸಾಕುತ್ತೆ. ಅದ್ಕೇ ಕಳಚೋದು."

"ಮೊದ್ಲೇ ಯಾಕೋ ಹೇಳ್ಲಿಲ್ಲ?"

"ಬುಡಕ್ಕಾ. ಸ್ಪೀಡ್ ಜಾಸ್ತಿ ಆಯ್ತು ಅಂತ ಎಲ್ರಿಗೂ ಹೇಳಿದೀನಿ. ನೀನು ಸುಮ್ನಿರು."

ಸುಮ್ಮನಿರಬಹುದಿತ್ತು. ಯಾರೂ ನನ್ನತ್ತ ಬೆರಳು ತೋರಿಸಿರಲಿಲ್ಲ. ಅವನನ್ನು ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದನ್ನು ಹತ್ತು ಜನರೆದುರು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಆದರೆ ಗುಬ್ಬಿಯ ಮೊದಲ ರೇಸಿಗೆ ಎರಡೇ ವಾರ ಉಳಿದಿತ್ತು. ಕ್ಲಾಸಿನಲ್ಲಿ ಬೋರ್ಡಿಗೆ ತಿರುಗಿದರೂ ಉಳಿದವರ ಕೈಗಳು ಒಂದೊಂದಾಗಿ ಆ ಬ್ರೇಕಿನ ಕಡೆ ಹೋಗುವುದೇ ಕಾಣುತ್ತಿತ್ತು.

ಮತ್ತೆ ಶೆಡ್ಡಿಗೆ ಎಲ್ಲರನ್ನೂ ಕರೆಸಿದೆ. "ಒಂಬತ್ತನೇ ನಿಯಮ ತಪ್ಪು. ನನ್ನ ತಮ್ಮ ಬಿದ್ದಿದ್ದು ನಾನು ಬರೆದಿದ್ದರಿಂದ" ಎಂದೆ. ಬೈಯಲಿ ಎಂದು ಕಾದೆ. ಯಾರಿಗೂ ಆಶ್ಚರ್ಯವೇ ಆದಂತೆ ಕಾಣಲಿಲ್ಲ. ನನ್ನ ಶಿಷ್ಯರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು.

ಶೆಡ್ಡಿನ ಯಜಮಾನರು, ಅವರಲ್ಲೆಲ್ಲ ಹಿರಿಯರು, ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ, "ಹಿಂಗಾಗುತ್ತೆ ಅಂತ ನಮ್ಗೆ ಅವತ್ತೇ ಗೊತ್ತಿತ್ತು ಮೇಡಂ" ಎಂದರು. "ನೀವು ಓದಿರೋರು, ಬರ್ದಿದೀರ. ಎದುರು ಮಾತಾಡೋದು ಹೆಂಗೆ ಅಂತ ಸುಮ್ನಾದ್ವಿ."

ಒಂಬತ್ತನೆಯದನ್ನು ಅಲ್ಲೇ ಹೊಡೆದು ಹಾಕಿದೆ. ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಹಾಳೆಯ ಮೇಲೆ ಇನ್ನೂ ಮೂವತ್ತು ನಿಯಮಗಳಿದ್ದವು, ಒಂದೊಂದಕ್ಕೂ ಅವರು "ಸರಿ ಮೇಡಂ" ಎಂದಿದ್ದರು.